ಹಿಮದ ಹಲಗೆಗೆ ಬೀಗರ ಸಹಿ

ಗುಬ್ಬಿ
೩ ನವೆಂಬರ್ ೨೦೨೫

ಕುಣಿಗಲ್ಲಿನ ದೊಡ್ಡರಂಗಯ್ಯನವರಿಗೆ,

ಬೀಗರಿಗೆ ಕಾಗದ ಬರೆಯುವಾಗ ಮೊದಲು ನಮಸ್ಕಾರ ಹೇಳಬೇಕಂತೆ, ಹೇಳಿದ್ದೇನೆ. ಆಮೇಲೆ ಕ್ಷೇಮ ವಿಚಾರಿಸಬೇಕಂತೆ. ನೀವು ಗಟ್ಟಿಮುಟ್ಟಾಗಿದ್ದೀರಿ ಎಂದು ನಿಮ್ಮ ಮಗಳೇ ಹೇಳಿದ್ದಾಳೆ, ಹಾಗಾಗಿ ಅದೂ ಮುಗಿಯಿತು.

ನಿಮ್ಮ ನಂಬರನ್ನು ನಾನು ಬ್ಲಾಕ್ ಮಾಡಿದ್ದೇನೆ. ನನ್ನದನ್ನು ನೀವೂ ಮಾಡಿದ್ದೀರಂತೆ, ಸಂತೋಷ. ಮದುವೆಯಾದ ಮೇಲೆ ಬಂದ ಮೊದಲ ದೀಪಾವಳಿಗೆ ಅಳಿಯನನ್ನು ಕರೆದು ಎಣ್ಣೆನೀರು ಹಾಕಿಸಬೇಕು ಅನ್ನುವಷ್ಟೂ ತಿಳಿಯದ ಮನೆಯ ಜೊತೆ ನನಗೆ ಮಾತು ಬೇಕಿರಲಿಲ್ಲ. ಆದರೆ ಹೋದ ಭಾನುವಾರ ನನ್ನ ಮಗ ಕೃಷ್ಣಕುಮಾರ, ನಿಮ್ಮ ಮಗಳು ಇಂಪನಾ ಇಬ್ಬರೂ ತುಮಕೂರಿನಿಂದ ಬಂದು ನನ್ನ ಅಡುಗೆಮನೆಯಲ್ಲಿ ನಿಂತು ಒಂದು ಷರತ್ತು ಹಾಕಿ ಹೋದರು. ಮಾತಾಡಿದ್ದೆಲ್ಲ ನಿಮ್ಮ ಮಗಳು. ನನ್ನ ಮಗ ಗೋಡೆಗೆ ಒರಗಿ ನಿಂತಿದ್ದ.

"ಅತ್ತೆ, ಜನವರಿ ಕೊನೇಲಿ ನಾವು ಹಿಮ ಬೀಳೋ ಊರಿಗೆ ಹೋಗ್ತೀವಿ. ಇವ್ರು ಸ್ನೋಬೋರ್ಡ್ ಕಲೀಬೇಕಂತೆ. ಯಾವ ಊರು ಅಂತ ನೀವೂ ನಮ್ಮಪ್ಪನೂ ಸೇರಿ ಆರಿಸ್ಬೇಕು. ಒಂದೇ ಹಾಳೇಲಿ ಒಂದೇ ಹೆಸರು, ಕೆಳಗೆ ಇಬ್ರ ಸಹಿ. ಫೋನಲ್ಲಾದ್ರೆ ಕೂಗಾಡಿ ಇಟ್ಬಿಡ್ತೀರಾ, ಕಾಗದದಲ್ಲೇ ಬರ್ಕೊಳ್ಳಿ. ಸಂಕ್ರಾಂತಿ ಹೊತ್ತಿಗೆ ಹಾಳೆ ನಮ್ ಕೈಗೆ ಸಿಕ್ಲಿಲ್ಲ ಅಂದ್ರೆ ನಾವು ಗುಬ್ಬಿಗೂ ಬರಲ್ಲ, ಕುಣಿಗಲ್‌ಗೂ ಹೋಗಲ್ಲ. ನಿಮ್ಮಿಬ್ರ ಜಗಳದಲ್ಲಿ ಹಬ್ಬಗಳೆಲ್ಲ ಹಾಳಾಗೋದು ಸಾಕು."

ನೀವು ಬೆಳೆಸಿದ ಮಗಳು. ಅತ್ತೆಯ ಮುಂದೆ ಆಡುವ ಮಾತೇ ಇದು?

ಸ್ನೋಬೋರ್ಡ್ ಎಂದರೆ ಏನೆಂದು ಕೇಳಿ ತಿಳಿದುಕೊಂಡೆ. ಒಂದು ಉದ್ದ ಹಲಗೆಗೆ ಎರಡು ಕಾಲನ್ನೂ ಬಿಗಿದು ಕಟ್ಟಿಕೊಂಡು ಹಿಮದ ಗುಡ್ಡದ ಮೇಲಿನಿಂದ ಜಾರುವುದಂತೆ. ಬುದ್ಧಿ ನೆಟ್ಟಗಿರುವವರು ಮಾಡುವ ಕೆಲಸವೇ ಅಲ್ಲ. ಹೋಗದಿದ್ದರೇ ಒಳ್ಳೆಯದು. ಹೋಗಲೇಬೇಕೆಂದರೆ ಬದರಿ ದಾರಿಯ ಔಲಿಗೆ ಹೋಗಲಿ. ಅಲ್ಲೇ ಕೆಳಗೆ ಜೋಶಿಮಠದಲ್ಲಿ ನರಸಿಂಹಸ್ವಾಮಿ ಗುಡಿ ಇದೆ. ದೇವರಿಗೆ ಕೈಮುಗಿದು, ದೂರದಿಂದ ಹಿಮ ನೋಡಿ, ನಾಲ್ಕು ಫೋಟೋ ತೆಗೆಸಿಕೊಂಡು ಬರಲಿ. ಹಲಗೆ ಮುಟ್ಟುವ ಅವಶ್ಯಕತೆ ಇಲ್ಲ.

ಔಲಿ ಎಂದು ಬರೆದು ಸಹಿ ಮಾಡಿದ ಹಾಳೆ ಇದರ ಜೊತೆಗಿದೆ. ಕೆಳಗೆ ನಿಮ್ಮ ಸಹಿ ಹಾಕಿ ಕಳಿಸಿ. ಉತ್ತರ ಬರೆಯುವ ತೊಂದರೆ ತೆಗೆದುಕೊಳ್ಳಬೇಡಿ.

ಭದ್ರಮ್ಮ


ಕುಣಿಗಲ್
೧೨ ನವೆಂಬರ್ ೨೦೨೫

ಬೀಗಿತ್ತಿ ಭದ್ರಮ್ಮನವರಿಗೆ ನಮಸ್ಕಾರ.

ತೊಂದರೆ ತೆಗೆದುಕೊಂಡಿದ್ದೇನೆ. ಸಹಿ ಮಾತ್ರ ಹಾಕಿಲ್ಲ.

ಮೊದಲು ದೀಪಾವಳಿ ವಿಷಯ. ಅಳಿಯನನ್ನು ಕರೆಯಲಿಲ್ಲ ಎಂದು ಬರೆದಿದ್ದೀರಿ. ಬೀಗರೂಟದ ದಿನ ನಿಮ್ಮೂರ ಚಪ್ಪರದಲ್ಲಿ ಏನಾಯಿತು ಎಂದು ಬರೆದಿಲ್ಲ. ಹೆಣ್ಣು ಕೊಟ್ಟ ಕಡೆಯವರು ಉಣ್ಣಲಿ ಎಂದೇ ಮಾಡುವ ಊಟ ಅದು. ಆ ಊಟಕ್ಕೆ ನಮ್ಮವರು ಬಂದು ಕೈತೊಳೆದುಕೊಂಡು ನಿಂತಿದ್ದರೆ, ನಿಮ್ಮೂರ ಹಾಲಿನ ಡೈರಿಯ ಮೆಂಬರುಗಳನ್ನೆಲ್ಲ ಮೊದಲನೇ ಪಂಕ್ತಿಗೆ ಕೂರಿಸಿದಿರಿ. ನಮ್ಮ ಅಣ್ಣ ಅಂಜನಮೂರ್ತಿ ಎಲೆ ಮುಂದೆ ಕೂರದೆ ಬಸ್ಸು ಹತ್ತಿದ. ಆವತ್ತಿನಿಂದ ಇವತ್ತಿನವರೆಗೂ ನನಗೆ ಮುಖ ಕೊಟ್ಟು ಮಾತಾಡಿಲ್ಲ. ಇಷ್ಟಾದ ಮೇಲೆ ನಾನು ಎಣ್ಣೆ ಕಾಯಿಸಿಕೊಂಡು ನಿಮ್ಮ ಮನೆ ದಾರಿ ನೋಡಬೇಕಿತ್ತೇ?

ಈಗ ಔಲಿ. ನಿಮಗೆ ಗುಡಿ ಒಂದು ಕಂಡಿತು, ಗುಡ್ಡ ಕಾಣಲಿಲ್ಲ. ಬೆಳ್ಳಾವಿಯ ಹೊನ್ನಯ್ಯ ಎಂಬುವರು ಮಿಲಿಟರಿಯಲ್ಲಿದ್ದಾಗ ಹಿಮದ ಸೀಮೆಯಲ್ಲೆಲ್ಲ ಓಡಾಡಿದವರು, ಸ್ಕೀ ತರಬೇತಿ ಪಡೆದವರು. ಅವರ ಮನೆಗೇ ಹೋಗಿ ಕೂತು ಕೇಳಿಕೊಂಡು ಬಂದೆ. ಔಲಿಯ ಇಳಿಜಾರು ಆಗಲೇ ಸ್ವಲ್ಪ ಬಲ್ಲವರಿಗೆ ಹೇಳಿ ಮಾಡಿಸಿದ್ದು ಎಂದರು. ಹೊಸಬರನ್ನು ಅಲ್ಲಿಗೆ ಬಿಟ್ಟರೆ ದಿನವೆಲ್ಲ ಕೂತು ಜಾರುತ್ತಾರೆ, ನಿಂತು ಜಾರುವುದಿಲ್ಲವಂತೆ.

ನನ್ನ ಇಡೀ ಸರ್ವಿಸು ಕುಣಿಗಲ್ಲಿನ ಕುದುರೆ ಫಾರಂನಲ್ಲಿ ಮರಿಗಳನ್ನು ಪಳಗಿಸುವುದರಲ್ಲೇ ಕಳೆಯಿತು. ಹೊಸ ಮರಿಯನ್ನು ಯಾರೂ ಮೊದಲ ದಿನ ಇಳಿಜಾರಿಗೆ ಬಿಡುವುದಿಲ್ಲ. ಮೆತ್ತನೆಯ ಸಮನೆಲದಲ್ಲಿ ಉದ್ದ ಹಗ್ಗ ಹಿಡಿದು ಸುತ್ತು ಹಾಕಿಸಬೇಕು, ಅದಕ್ಕೆ ತನ್ನ ಕಾಲಿನ ಮೇಲೆ ನಂಬಿಕೆ ಬರಬೇಕು. ಇದಕ್ಕೂ ಅಂಥ ಜಾಗವೇ ಆಗಬೇಕು. ಮನಾಲಿ ಹತ್ತಿರದ ಸೋಲಾಂಗ್ ಹಾಗಿದೆಯಂತೆ. ಇಳಿಜಾರು ಚಿಕ್ಕದು, ಕೆಳಗೆ ಅಗಲವಾದ ಬಯಲು, ಜಾರಿದವನು ತಾನಾಗಿಯೇ ನಿಲ್ಲುತ್ತಾನೆ. ಗುಡ್ಡದ ಮೇಲಕ್ಕೆ ಎಳೆದೊಯ್ಯುವ ಲಿಫ್ಟ್ ಹತ್ತುವ ಗೋಜಿಲ್ಲ. ಹಲಗೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ನಿಧಾನವಾಗಿ ನಡೆದೇ ಹತ್ತಬಹುದು. ಗಲಾಟೆ ಜಾಸ್ತಿ, ನಿಜ. ಜೋಳ ಸುಡುವವರು, ಬಾಡಿಗೆ ಕೋಟಿನವರು, ಫೋಟೋದವರು ಎಲ್ಲ ಮುತ್ತಿಕೊಳ್ಳುತ್ತಾರೆ. ಬೆಳಗ್ಗೆ ಬೇಗ ಹೋದರೆ ಆಯಿತು.

ನಿಮ್ಮ ಮಗನಂಥವನಿಗೆ ಅದಕ್ಕಿಂತ ಮೇಲಿನದು ಬೇಡ. ಸೋಲಾಂಗ್ ಎಂದು ಬರೆದ ಹಾಳೆ ಇಟ್ಟಿದ್ದೇನೆ. ಸಹಿ ಹಾಕಿ.

ದೊಡ್ಡರಂಗಯ್ಯ


ಗುಬ್ಬಿ
೧೯ ನವೆಂಬರ್ ೨೦೨೫

ದೊಡ್ಡರಂಗಯ್ಯನವರೇ,

"ನಿಮ್ಮ ಮಗನಂಥವನಿಗೆ" ಎಂದರೆ ಏನು ಅರ್ಥ?

ಆ ಸಾಲನ್ನು ನಾನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ನನ್ನ ಮಗ ಎಂಥವನು? ಹಿರೇಹಳ್ಳಿಯ ಫ್ಯಾಕ್ಟರಿಯಲ್ಲಿ ಅವನ ಕೈಕೆಳಗೆ ಜನ ಕೆಲಸ ಮಾಡುತ್ತಾರೆ. ಕುಡಿಯುವುದಿಲ್ಲ, ಬೀಡಿ ಸೇದುವುದಿಲ್ಲ, ತಾಯಿಗೆ ಎದುರಾಡುವುದಿಲ್ಲ. ನಿಮ್ಮ ಫಾರಂನ ಮರಿಯ ಜೊತೆ ಅವನನ್ನು ಕಟ್ಟಬೇಡಿ.

ಅವನನ್ನು ನಾಲ್ಕು ಜನರ ಮುಂದೆ ಆಡಿಕೊಳ್ಳುವುದು ನಿಮಗೆ ಹೊಸದಲ್ಲ ಬಿಡಿ. ಮದುವೆ ದಿನವೇ ಶುರು ಮಾಡಿದ್ದಿರಿ. ದೇವಸ್ಥಾನದಿಂದ ಛತ್ರಕ್ಕೆ ಗಂಡಿನ ಮೆರವಣಿಗೆ ಹೊರಡುವ ಹೊತ್ತಿಗೆ ಹೇಳದೆ ಕೇಳದೆ ಒಂದು ಕುದುರೆ ತಂದು ನಿಲ್ಲಿಸಿ, "ಹತ್ತಪ್ಪ ಅಳಿಯ" ಎಂದಿರಿ. ನಮ್ಮಲ್ಲಿ ಯಾರ ಮದುವೆಯಲ್ಲಿ ಗಂಡು ಕುದುರೆ ಹತ್ತಿದ್ದಾನೆ? ಅದೇನು ಸಿನಿಮಾ ಶೂಟಿಂಗೇ? ಹುಡುಗನ ಮುಖ ಬಿಳಿಚಿಕೊಂಡಿತು. "ಬ್ಯಾಡ ಅಂದ್ರೆ ಬ್ಯಾಡ, ಅದನ್ನ ಹಿಡ್ಕಂಡೋಗಿ" ಎಂದು ನಾನು ಕೂಗಬೇಕಾಯಿತು. ಅಷ್ಟು ಜನರ ಮುಂದೆ ಗಂಡಿನ ತಾಯಿ ಕೂಗುವ ಹಾಗೆ ಮಾಡಿದಿರಿ. ನಿಮ್ಮ ಕಡೆಯ ಹುಡುಗರು, "ಮದ್ವೆ ಗಂಡು ಕುದ್ರೆಗೆ ಹೆದರ್ಕಂಡ ಕಣ್ಲಾ" ಎಂದು ನಕ್ಕಿದ್ದು ಇನ್ನೂ ನನ್ನ ಕಿವಿಯಲ್ಲಿದೆ. ನಿಮ್ಮವರನ್ನು ಎರಡನೇ ಪಂಕ್ತಿಗೆ ಕೂರಿಸಿದ್ದು ಕೈತಪ್ಪಿ ಆದದ್ದಲ್ಲ. ಬೇಕೆಂದೇ ಕೂರಿಸಿದೆ.

ಈಗ ಕೇಳಿ. ನನ್ನ ಮಗ ಸೋಲಾಂಗಿಗೆ ಹೋಗುವುದಿಲ್ಲ. ಮಕ್ಕಳು ಉರುಳಾಡುವ ಆ ಬಯಲು ನಿಮಗೇ ಇರಲಿ. ಅವನು ಕಾಶ್ಮೀರದ ಗುಲ್ಮಾರ್ಗಿಗೆ ಹೋಗುತ್ತಾನೆ. ಅಲ್ಲಿ ಕೇಬಲ್ ಕಾರು ಎರಡು ಹಂತವಾಗಿ ಮೇಲಕ್ಕೆ ಹೋಗುತ್ತದಂತೆ. ಕಡೆಯ ಹಂತದವರೆಗೂ ಹೋಗಿ ಅಲ್ಲಿಂದಲೇ ಜಾರಲಿ. ನಿಂತೇ ಜಾರುತ್ತಾನೆ. ನೀವು ಕೆಳಗೆ ನಿಂತು ನೋಡಿ.

ಭದ್ರಮ್ಮ


ಕುಣಿಗಲ್
೧ ಡಿಸೆಂಬರ್ ೨೦೨೫

ಭದ್ರಮ್ಮನವರಿಗೆ,

ನಿಮ್ಮ ಕಾಗದ ಓದಿದೆ. ನನ್ನ ಹೆಂಡತಿ ಸರ್ವಮಂಗಳ, "ಸಹಿ ಹಾಕಿ ಬುಡಿ, ಎಲ್ಲಾದ್ರೂ ಹೋಗ್ಲಿ" ಎಂದಳು. ಆಗಲಿಲ್ಲ, ಪೆನ್ನು ತೆಗೆದುಕೊಂಡಿದ್ದೇನೆ.

ನನ್ನ ಒಂದು ಮಾತು ಒರಟಾಗಿ ಬಂದಿರಬಹುದು. ಅದಕ್ಕೆ ನನ್ನನ್ನು ಬೈಯಿರಿ, ಬೈಯುವುದು ನಿಮಗೆ ಕಷ್ಟದ ಕೆಲಸವೂ ಅಲ್ಲ. ನನ್ನ ಮೇಲಿನ ಸಿಟ್ಟಿಗೆ ಆ ಹುಡುಗನನ್ನು ಬೆಟ್ಟದ ತುದಿಗೆ ಏಕೆ ಹತ್ತಿಸುತ್ತೀರಿ? ಗುಲ್ಮಾರ್ಗಿನಲ್ಲೂ ಕಲಿಯುವವರಿಗೆ ಕೆಳಗೆ ಒಳ್ಳೆಯ ಜಾಗ ಇದೆ ಎಂದು ಹೊನ್ನಯ್ಯನವರೇ ಹೇಳಿದರು. ಆದರೆ ಕೇಬಲ್ ಕಾರು ಕಣ್ಣೆದುರಿಗೆ ಮೇಲಕ್ಕೆ ಹೋಗುತ್ತಿರುವಾಗ ಕೆಳಗೇ ನಿಲ್ಲುವುದಕ್ಕೆ ಗಟ್ಟಿ ಮನಸ್ಸು ಬೇಕು. ನಿಮ್ಮ ಮಗನನ್ನು ನೀವು ಈಗಾಗಲೇ "ಕಡೆಯ ಹಂತ" ಎಂದು ಕೆಣಕಿರುತ್ತೀರಿ. ಅವನು ಹೋಗಿಯೇ ಹೋಗುತ್ತಾನೆ. ಅಲ್ಲಿ ಗಾಳಿಯೂ ಕಡಿಮೆ, ನೆಲವೂ ಕಡಿದು. ಬಲ್ಲವರೇ ಗೈಡ್ ಇಟ್ಟುಕೊಂಡು ಇಳಿಯುವ ಜಾಗ.

ಮಗನ ಬಗ್ಗೆ ತಾಯಿಗೆ ಗೊತ್ತಿರಬೇಕಾದದ್ದು ನಿಮಗೆ ಗೊತ್ತೇ ಇದೆ ಎಂದುಕೊಂಡಿದ್ದೆ. ನಿಮ್ಮ ಕಾಗದ ನೋಡಿದರೆ ಅನುಮಾನ ಬರುತ್ತದೆ. ಇದಕ್ಕಿಂತ ಹೆಚ್ಚಿಗೆ ಬರೆಸಬೇಡಿ.

ಸೋಲಾಂಗ್ ಎಂದು ಬರೆದ ಇನ್ನೊಂದು ಹಾಳೆ ಇಟ್ಟಿದ್ದೇನೆ. ಮೊದಲಿನದನ್ನು ನೀವು ಒಲೆಗೆ ಹಾಕಿರುತ್ತೀರಿ ಎಂದು ನನಗೆ ಗೊತ್ತು.

ದೊಡ್ಡರಂಗಯ್ಯ


ಗುಬ್ಬಿ
೮ ಡಿಸೆಂಬರ್ ೨೦೨೫

ದೊಡ್ಡರಂಗಯ್ಯನವರಿಗೆ,

ಎರಡನೆಯ ಹಾಳೆಯನ್ನೂ ಒಲೆಗೆ ಹಾಕಿದೆ.

ನನಗೆ ಗೊತ್ತಿರಬೇಕಾದದ್ದು ಏನು? ಒಗಟು ಹಾಕುವ ಅಭ್ಯಾಸ ಬಿಡಿ. ನನ್ನ ಮಗನಲ್ಲಿ ಏನೂ ಕೊರತೆ ಇಲ್ಲ. ಇದ್ದರೆ ನೀವೇ ಹೇಳಿ, ನಿಮ್ಮ ಮಗಳ ಮುಂದೆಯೇ ಹೇಳಿ. ಹೇಳುವುದಕ್ಕೆ ಏನೂ ಇಲ್ಲ ಎಂದರೆ ಬಾಯಿ ಮುಚ್ಚಿಕೊಂಡು ಸಹಿ ಹಾಕಿ.

ಗುಲ್ಮಾರ್ಗ್ ಎಂದು ನಾನೇ ಮಗನಿಗೆ ಹೇಳಿಯಾಯಿತು. ಅವನಿಗೆ ಎಷ್ಟು ಖುಷಿಯಾಯಿತು ಗೊತ್ತೇ? ತುಮಕೂರಿನ ಮನೆ ಟೆರೇಸಿನಲ್ಲಿ ಒಂದು ಪೈಪಿನ ತುಂಡಿನ ಮೇಲೆ ಹಲಗೆ ಇಟ್ಟು, ಅದರ ಮೇಲೆ ನಿಂತು ಅಭ್ಯಾಸ ಮಾಡುತ್ತಾನಂತೆ. ಕೈಗವಸು ತಂದಿದ್ದಾನೆ. ಚಿಕ್ಕಂದಿನಲ್ಲಿ ಕೆರೆ ಏರಿಯ ಮೇಲಿನಿಂದ ತೆಂಗಿನ ಮಟ್ಟೆಯ ಮೇಲೆ ಕೂತು ಜಾರುತ್ತಿದ್ದ ಹುಡುಗ ಅವನು. ಆಗ ಊರಿನಲ್ಲಿ ಅವನನ್ನು ಹಿಡಿಯುವವರು ಇರಲಿಲ್ಲ.

ಹಾಳೆ ಇದರ ಜೊತೆಗಿದೆ. ಗುಲ್ಮಾರ್ಗ್. ನನ್ನ ಸಹಿ ಆಗಿದೆ. ನೀವು ಹಾಕದಿದ್ದರೆ, ಸಂಕ್ರಾಂತಿಗೆ ಮಕ್ಕಳು ಮನೆಗೆ ಬಾರದೆ ಹೋದದ್ದು ನಿಮ್ಮಿಂದ ಎಂದು ಎಲ್ಲರಿಗೂ ಹೇಳುತ್ತೇನೆ.

ಭದ್ರಮ್ಮ


ಕುಣಿಗಲ್
೨೯ ಡಿಸೆಂಬರ್ ೨೦೨೫

ಭದ್ರಮ್ಮನವರಿಗೆ,

ನಿಮ್ಮ ಹಾಳೆಗೆ ನಾನು ಸಹಿ ಹಾಕಿದೆ. ಸಿಟ್ಟಿನಲ್ಲೇ ಹಾಕಿದೆ, ಹೋಗಿ ಬೀಳಲಿ ಎಂದುಕೊಂಡೇ ಹಾಕಿದೆ. ಕವರು ಅಂಟಿಸಿಕೊಂಡು ಅಂಚೆ ಕಚೇರಿಯವರೆಗೂ ಹೋದೆ. ಡಬ್ಬಿಯ ಬಾಯಿಗೆ ಕೈ ಹಾಕಿದವನು ವಾಪಸ್ಸು ತೆಗೆದುಕೊಂಡು ಬಂದೆ. ಇಷ್ಟು ದಿನ ಆ ಕವರು ದೇವರ ಗೂಡಿನಲ್ಲಿತ್ತು. ಈ ದಿನ ಹರಿದು ಹಾಕಿದ್ದೇನೆ.

ಬರೆಸಬೇಡಿ ಎಂದಿದ್ದೆ. ನೀವು ಬರೆಸಿದಿರಿ. ಬರೆಯುತ್ತೇನೆ.

ನಿಮ್ಮ ಮಗನ ಎಡಗಾಲು.

ನೀವು ಹೆಣ್ಣು ನೋಡಲು ನಮ್ಮ ಮನೆಗೆ ಬಂದ ದಿನವೇ ನನಗೆ ಗೊತ್ತಾಯಿತು. ನಮ್ಮ ಜಗಲಿಗೆ ಇರುವುದು ಎರಡೇ ಮೆಟ್ಟಿಲು. ಎರಡಕ್ಕೂ ಬಲಗಾಲನ್ನೇ ಮುಂದೆ ಇಟ್ಟ. ಚಾಪೆ ಹಾಸಿದ್ದರೂ ಕುರ್ಚಿಯೇ ಬೇಕೆಂದ. ಕೂತವನು ಎಡಗಾಲನ್ನು ಮಡಿಸಲಿಲ್ಲ, ಚಾಚಿಕೊಂಡೇ ಕಾಫಿ ಕುಡಿದ. ಹೊರಡುವಾಗ ಚಪ್ಪಲಿ ನೋಡಿದೆ, ಎಡಗಡೆಯ ಹಿಮ್ಮಡಿ ಒಂದೇ ಬದಿಗೆ ಸವೆದಿತ್ತು. ಆಯುಷ್ಯವೆಲ್ಲ ಕುದುರೆಗಳ ಕಾಲು ನೋಡಿಕೊಂಡು ಅನ್ನ ತಿಂದವನು ನಾನು. ನನ್ನ ಕಣ್ಣಿಗೆ ಮಣ್ಣು ಹಾಕಿದೆವು ಎಂದು ನೀವು ಇಷ್ಟು ದಿನವೂ ಅಂದುಕೊಂಡಿದ್ದಿರಲ್ಲ, ನನಗೆ ಸಿಟ್ಟು ಬಂದಿರುವುದು ಅದಕ್ಕೆ.

ನೀವು ಮುಚ್ಚಿಡುತ್ತಿದ್ದೀರಿ, ಹುಡುಗನೂ ಮುಚ್ಚಿಡುತ್ತಿದ್ದಾನೆ, ಅವನ ಮರ್ಯಾದೆ ಅವನದು ಎಂದು ನಾನು ಬಾಯಿ ಬಿಡಲಿಲ್ಲ. ಮೇ ತಿಂಗಳ ಬಿಸಿಲು. ದೇವಸ್ಥಾನದಿಂದ ಛತ್ರದವರೆಗೂ ಕಾದ ಟಾರು ರಸ್ತೆ, ಬರಿಗಾಲು, ಹೆಜ್ಜೆ ಹೆಜ್ಜೆಗೂ ವೀಡಿಯೋದವನು. ಅಷ್ಟು ದೂರ ಅವನು ನೆಟ್ಟಗೆ ನಡೆದು ತೋರಿಸಬೇಕಾಗುತ್ತದಲ್ಲ ಎಂದು ಫಾರಂನ ಹಳೆಯ ಸ್ನೇಹಿತರ ಕಾಲು ಹಿಡಿದು ಒಂದು ಸಾಧುವಾದ ಮುದಿ ಹೆಣ್ಣು ಕುದುರೆ ತರಿಸಿದೆ. ಕಾಲು ಎತ್ತುವ ಕಷ್ಟ ಆಗಬಾರದೆಂದು ಹತ್ತಲು ಎತ್ತರದ ಮಣೆಯನ್ನೂ ತಂದಿದ್ದೆ. ನೀವು ಮಣೆ ನೋಡಲಿಲ್ಲ. "ಹಿಡ್ಕಂಡೋಗಿ" ಎಂದು ಕೂಗಿದಿರಿ. ಆಮೇಲೆ ಆ ಹುಡುಗ ಅಷ್ಟು ದೂರವೂ ಹಲ್ಲು ಕಚ್ಚಿಕೊಂಡು ನಡೆದ. ನಾನು ಹಿಂದೆಯೇ ಬರುತ್ತಿದ್ದೆ.

ಸೋಲಾಂಗ್ ಎಂದದ್ದು ಇದಕ್ಕೆ. ಈಗಲಾದರೂ ಸಹಿ ಹಾಕುತ್ತೀರೋ ಇಲ್ಲವೋ?

ದೊಡ್ಡರಂಗಯ್ಯ


ಗುಬ್ಬಿ
೨ ಜನವರಿ ೨೦೨೬

ದೊಡ್ಡರಂಗಯ್ಯನವರೇ,

ಯಾರ ಯಾರ ಮುಂದೆ ಹೇಳಿದ್ದೀರಿ?

ನಿಮ್ಮ ಅಣ್ಣ ಅಂಜನಮೂರ್ತಿಗೆ ಗೊತ್ತೇ? ಬೆಳ್ಳಾವಿಯ ಮಿಲಿಟರಿಯವನ ಮುಂದೆಯೂ ಹೇಳಿದಿರಾ? ಪಂಚಾಯ್ತಿ ಸೇರಿಸಿ, ಮೋಸ ಮಾಡಿ ಮದುವೆ ಮಾಡಿಕೊಂಡರು ಎಂದು ನಿಮ್ಮ ಮಗಳನ್ನು ಕರೆದುಕೊಂಡು ಹೋಗುತ್ತೀರಾ? ಹಾಗಿದ್ದರೆ ನೇರವಾಗಿ ಬರೆಯಿರಿ. ನಾನು ಎದುರಿಸುತ್ತೇನೆ. ಹುಡುಗನ ಹೆಸರು ಮಧ್ಯಕ್ಕೆ ತರಬೇಡಿ. ಮುಚ್ಚಿಟ್ಟವಳು ನಾನು.

ಅದಕ್ಕೆ ನಾಚಿಕೆಯನ್ನೂ ಪಡುವುದಿಲ್ಲ. ಕಾಲೇಜಿಗೆ ಹೋಗುತ್ತಿದ್ದ ಹುಡುಗ ಎಳನೀರಿಗೆಂದು ಮರ ಹತ್ತಿ ಬಿದ್ದ. ಯಾರ ತಪ್ಪೂ ಅಲ್ಲ. ಮೊದಮೊದಲು ಹೆಣ್ಣು ಕೇಳಲು ಹೋದ ಕಡೆಯೆಲ್ಲ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ಆಯ್ತು ಕಣಮ್ಮ, ತಿಳಿಸ್ತೀವಿ" ಎಂದವರು ಯಾರೂ ತಿಳಿಸಲಿಲ್ಲ. ಒಂದು ಮನೆಯಲ್ಲಂತೂ ಅವನನ್ನು ಎಬ್ಬಿಸಿ, "ಎಲ್ಲಿ, ಸ್ವಲ್ಪ ನಡ್ದು ತೋರ್ಸಪ್ಪ" ಎಂದರು. ಅವನು ನಡೆದು ತೋರಿಸಿದ. ಆ ದಿನ ಬಸ್ಸಿನಲ್ಲಿ ಅವನು ಕಿಟಕಿಯ ಕಡೆ ಮುಖ ಮಾಡಿ ಕೂತದ್ದನ್ನು ನೋಡಿದವಳು ನಾನು, ನೀವಲ್ಲ. ಅವತ್ತೇ ತೀರ್ಮಾನ ಮಾಡಿದೆ, ಇನ್ನು ಹೇಳುವುದಿಲ್ಲ ಎಂದು. ನೀವು ನನ್ನ ಜಾಗದಲ್ಲಿದ್ದರೆ ಏನು ಕಿಸಿಯುತ್ತಿದ್ದಿರಿ?

ಮದುವೆಯಾದಾಗಿನಿಂದ ಮನೆ ಮುಂದೆ ಗಾಡಿ ನಿಂತರೆ ಮೊದಲು ಕಿಟಕಿಯಿಂದ ಇಣುಕುತ್ತೇನೆ. ಕುಣಿಗಲ್ಲಿನವರಿಗೆ ಗೊತ್ತಾಯಿತು, ಜನ ಕಟ್ಟಿಕೊಂಡು ಬಂದರು ಎಂದುಕೊಳ್ಳುತ್ತೇನೆ. ನಿಮಗೆ ಮೊದಲ ದಿನವೇ ಗೊತ್ತಿತ್ತು ಎಂದು ಈಗ ಬರೆಯುತ್ತೀರಿ. ಗೊತ್ತಿದ್ದೂ ಸುಮ್ಮನೆ ಕೂತು ನನ್ನ ನಾಟಕ ನೋಡಿದಿರಾ? ಗೊತ್ತಿದ್ದೂ ಏಕೆ ಹೆಣ್ಣು ಕೊಟ್ಟಿರಿ?

ಯಾವ ಹಾಳೆಗೂ ನಾನು ಸಹಿ ಹಾಕುವುದಿಲ್ಲ. ಅವನು ಎಲ್ಲಿಗೂ ಹೋಗುವುದು ಬೇಡ.

ಭದ್ರಮ್ಮ


ಕುಣಿಗಲ್
೬ ಜನವರಿ ೨೦೨೬

ಭದ್ರಮ್ಮನವರಿಗೆ,

ಯಾರ ಮುಂದೆಯೂ ಹೇಳಿಲ್ಲ. ಅಣ್ಣನಿಗೂ ಗೊತ್ತಿಲ್ಲ, ಹೊನ್ನಯ್ಯನವರಿಗೂ ಗೊತ್ತಿಲ್ಲ. ನನ್ನ ಜಗಳ ನಿಮ್ಮ ಜೊತೆ. ಆ ಹುಡುಗನ ಜೊತೆ ನನಗೆ ಯಾವ ಜಗಳವೂ ಇಲ್ಲ. ಪಂಚಾಯ್ತಿ ಎಂದು ಬರೆದಿದ್ದೀರಲ್ಲ, ನನ್ನನ್ನು ಅಷ್ಟು ಕೀಳು ಎಂದುಕೊಂಡಿದ್ದೀರಿ ಎಂದು ಈಗ ಗೊತ್ತಾಯಿತು. ಅದನ್ನೂ ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತೇನೆ.

ಏಕೆ ಕೊಟ್ಟಿರಿ ಎಂದು ಕೇಳಿದ್ದೀರಿ. ನೀವೆಲ್ಲ ಕಾಫಿ ಕುಡಿದು ಹೊರಟ ಮೇಲೆ ಇಂಪನಾಳನ್ನು ಹಿತ್ತಲಿಗೆ ಕರೆದು ಕಾಲಿನ ವಿಷಯ ಹೇಳಿದೆ. ಅವಳು ನಕ್ಕಳು. "ಅಪ್ಪ, ದಿನಾ ಕ್ಲಿನಿಕ್ಕಲ್ಲಿ ಜನಗಳ ಮಂಡಿ, ಸೊಂಟ ತಿಕ್ಕಿ ನಡೆಸೋಳು ನಾನು. ನಂಗೆ ಕಾಣಲ್ವಾ? ಕಾಲು ನೋಡಿ ಒಪ್ಕೊಳ್ಳೋಕೆ ನಾನೇನು ಕುದ್ರೆ ಕೊಂಡ್ಕೊಳ್ತಿದೀನಾ?" ಎಂದಳು. ಆಮೇಲೆ ನಾನು ನಿಮಗೆ ಒಪ್ಪಿಗೆ ಹೇಳಿ ಕಳಿಸಿದೆ.

ಈಗ ಸಿಟ್ಟು ಪಕ್ಕಕ್ಕಿಟ್ಟು ಓದಿ. ಮುಂದಿನದನ್ನು ಇಂಪನಾ ಮೊನ್ನೆ ಬಂದಾಗ ಅತ್ತುಕೊಂಡು ಹೇಳಿದ್ದು.

ನಾವು ಯಾವ ಊರು ಬರೆದರೂ ಇರಲಿ ಎಂದು ಸೋಲಾಂಗಿನಲ್ಲಿ ಕಲಿಸುವವರಿಗೂ ಇಬ್ಬರೂ ಸೇರಿ ಫೋನ್ ಮಾಡಿದ್ದರಂತೆ. ಹಳೆಯ ಪೆಟ್ಟು ಏನಾದರೂ ಇದೆಯೇ, ಯಾವ ಕಾಲು, ಒಳಗೆ ರಾಡು ಪ್ಲೇಟು ಏನಾದರೂ ಇದೆಯೇ ಎಂದು ಅವರು ಕೇಳಿದರು. ಅಳಿಯಂದಿರು, "ಏನೂ ಇಲ್ಲ" ಎಂದರು. ಇಂಪನಾ ಪಕ್ಕದಲ್ಲೇ ಇದ್ದಳು. ಕಾಲಿನ ಮೇಲಿನ ಹೊಲಿಗೆಯ ಗುರುತು ಅವಳಿಗೆ ಕಾಣುತ್ತದೆ. ಒಳಗೆ ಏನಿದೆ ಎಂದರೆ, "ಸಣ್ಣ ಗಾಯ ಅಷ್ಟೆ" ಎನ್ನುತ್ತಾರೆ. ಎಕ್ಸ್‌ರೇ ತೆಗೆಸೋಣ ಎಂದರೆ ಎದ್ದು ಹೋಗುತ್ತಾರೆ. ಅವತ್ತು ಅವಳು ಬಿಡಲಿಲ್ಲ. ಆಗ ತಲೆ ಬಗ್ಗಿಸಿಕೊಂಡು, "ಅಮ್ಮನ ತಲೆ ಮುಟ್ಟಿ ಆಣೆ ಮಾಡಿದೀನಿ ಕಣೇ. ನಿಮ್ಮ ಕಡೆಯವ್ರ ಮುಂದೆ ಬಾಯಿಬಿಟ್ರೆ ಅಮ್ಮಂಗೆ ಕೇಡಾಗುತ್ತೆ. ಏನೂ ಕೇಳ್ಬೇಡ" ಎಂದರಂತೆ.

ಹೆಂಡತಿಯನ್ನೂ "ನಿಮ್ಮ ಕಡೆಯವರು" ಎಂದು ಸೇರಿಸಿಯೇ ಆಣೆ ಮಾಡಿಸಿಕೊಂಡಿರಾ, ಭದ್ರಮ್ಮನವರೇ?

ಸ್ನೋಬೋರ್ಡಿನ ವಿಷಯ ಹೊನ್ನಯ್ಯನವರು ವಿವರವಾಗಿ ಹೇಳಿದರು. ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ ಕಟ್ಟುತ್ತಾರೆ. ಲಿಫ್ಟ್ ಹತ್ತಿ ಇಳಿಯುವಾಗ ಹಿಂದಿನ ಕಾಲನ್ನು ಬಿಚ್ಚಿ, ಮುಂದಿನದನ್ನು ಮಾತ್ರ ಕಟ್ಟಿಕೊಂಡಿರಬೇಕು. ಹೊಸಬರು ಅಲ್ಲೇ ಬೀಳುತ್ತಾರೆ. ಬಿದ್ದಾಗ ಹಲಗೆ ಒಂದು ಕಡೆ ತಿರುಗುತ್ತದೆ, ಮೈ ಒಂದು ಕಡೆ ತಿರುಗುತ್ತದೆ, ತಿರುಚಿಕೊಳ್ಳುವುದು ಕಟ್ಟಿದ ಕಾಲೇ. ಯಾವ ಕಾಲನ್ನು ಮುಂದಿಡಬೇಕು, ಲಿಫ್ಟ್ ಇಲ್ಲದ ಜಾಗವೇ ಬೇಕೇ, ಹೋಗಲೇಬಾರದೇ, ಇದೆಲ್ಲ ಒಳಗೆ ಏನಿದೆ ಎಂದು ಗೊತ್ತಾದ ಮೇಲೆ ಡಾಕ್ಟರು ಹೇಳಬೇಕು. ಊರು ಯಾವುದು ಎಂದು ನಾವಿಬ್ಬರೂ ಕಿತ್ತಾಡಿದ್ದು ದಂಡ. ಏನೂ ಇಲ್ಲ ಎಂದು ಸುಳ್ಳು ಹೇಳಿಕೊಂಡು ಹಲಗೆ ಹತ್ತುವವನಿಗೆ ಸೋಲಾಂಗೂ ಒಂದೇ, ಗುಲ್ಮಾರ್ಗೂ ಒಂದೇ. ಆ ಆಣೆಯನ್ನು ಇಳಿಸಬೇಕಾದವರು ನೀವು. ಬೇರೆ ಯಾರಿಂದಲೂ ಆಗುವುದಿಲ್ಲ.

ಹೋಗುವುದು ಬೇಡ ಎಂದು ನೀವು ಹಟ ಹಿಡಿಯಬಹುದು. ಅದಕ್ಕೆ ಇನ್ನೊಂದು ಮಾತು. ಇಷ್ಟೆಲ್ಲ ಆಟ ಇರುವಾಗ ಇದೇ ಏಕೆ ಎಂದು ಇಂಪನಾ ಅವರನ್ನು ಕೇಳಿದ್ದಳಂತೆ. "ಆ ಹಲಗೆಗೆ ಎರಡು ಕಾಲೂ ಸೇರ್ಸಿ ಕಟ್ಬಿಡ್ತಾರೆ ಕಣೇ. ಆಗ ಎಲ್ರೂ ಒಂದೇ ಥರ ಕಾಣ್ತಾರೆ" ಎಂದರಂತೆ.

ಹಾಳೆ ಖಾಲಿ ಇಟ್ಟಿದ್ದೇನೆ, ನನ್ನ ಸಹಿ ಮಾತ್ರ ಹಾಕಿದ್ದೇನೆ. ಹೆಸರು ನೀವೇ ಬರೆಯಿರಿ.

ದೊಡ್ಡರಂಗಯ್ಯ


ಗುಬ್ಬಿ
೧೭ ಜನವರಿ ೨೦೨೬

ದೊಡ್ಡರಂಗಯ್ಯನವರಿಗೆ,

ನಿಮ್ಮ ಕಾಗದ ಬಂದು ಮೂರು ದಿನ ಅದನ್ನು ಎರಡನೇ ಸಲ ಓದುವ ಧೈರ್ಯ ಬರಲಿಲ್ಲ. ಹಬ್ಬಕ್ಕೆ ಮೊದಲೇ ಎಳ್ಳುಬೆಲ್ಲದ ಡಬ್ಬಿ ಹಿಡಿದುಕೊಂಡು, ಹೇಳದೆ ಕೇಳದೆ ತುಮಕೂರಿನ ಬಸ್ಸು ಹತ್ತಿದೆ. ಷರತ್ತು ಹಾಕಿದ್ದು ಅವರು ನಮ್ಮ ಮನೆಗೆ ಬರುವುದಿಲ್ಲ ಎಂದು. ನಾನು ಅವರ ಮನೆಗೆ ಹೋಗಬಾರದು ಎಂದು ಯಾರೂ ಹೇಳಿರಲಿಲ್ಲ.

ಇಬ್ಬರನ್ನೂ ದೇವರ ಮುಂದೆ ಕೂರಿಸಿಕೊಂಡೆ. ದೀಪ ಹಚ್ಚಿ, ಮಗನ ಕೈಯನ್ನು ನನ್ನ ತಲೆಯ ಮೇಲೆ ಇಡಿಸಿಕೊಂಡೆ. "ಅವತ್ತು ನೀನು ನಂಗೆ ಕೊಟ್ಟ ಮಾತ್ನ ನಾನೇ ವಾಪಸ್ ತಗಂತಿದೀನಿ ಕಣಪ್ಪ. ಇನ್ಮೇಲೆ ಯಾರ್ ಮುಂದೆ ಹೇಳಿದ್ರೂ ನಂಗೇನೂ ಆಗಲ್ಲ" ಎಂದು ಹೇಳಿ, ನನ್ನ ಕೈಯಿಂದಲೇ ಅವನ ಕೈಯನ್ನು ಕೆಳಗಿಳಿಸಿ ನೆಲ ಮುಟ್ಟಿಸಿದೆ. ನಾನೇ ಸೊಸೆಗೆ ಹೇಳಿದೆ. ಎಡಗಾಲು, ಮಂಡಿಯ ಮೇಲಿನ ಮೂಳೆ, ಒಳಗೆ ಉದ್ದಕ್ಕೂ ರಾಡು ಇದೆ. ಇಂಪನಾ, "ಹೀಗೇ ಏನೋ ಇದೆ ಅಂತ ಗೊತ್ತಿತ್ತು ಅತ್ತೆ. ಅವ್ರೇ ಹೇಳ್ಲಿ ಅಂತ ಕಾಯ್ತಿದ್ದೆ" ಎಂದಳು. ನಿಮ್ಮ ಮನೆಯವರಿಗೆಲ್ಲ ಎಲ್ಲವೂ ಮೊದಲೇ ಗೊತ್ತಿರುತ್ತದೆ, ಬಾಯಿ ಮಾತ್ರ ಬಿಡುವುದಿಲ್ಲ. ಇದೊಂದು ನಿಮ್ಮಲ್ಲಿ ನನಗೆ ಹಿಡಿಸುವುದಿಲ್ಲ.

ಮಾರನೆಯ ದಿನವೇ ಎಕ್ಸ್‌ರೇ ತೆಗೆಸಿದರು. ಮೂಳೆ ಚೆನ್ನಾಗಿ ಕೂಡಿಕೊಂಡಿದೆಯಂತೆ. ಸಣ್ಣ ಇಳಿಜಾರು, ಲಿಫ್ಟ್ ಹತ್ತುವ ಹಾಗಿಲ್ಲ, ಮಂಡಿಗೆ ಪಟ್ಟಿ ಹಾಕಿಕೊಳ್ಳಬೇಕು, ನೋವು ಬಂದ ಕೂಡಲೇ ನಿಲ್ಲಿಸಬೇಕು, ಇಷ್ಟಕ್ಕೆಲ್ಲ ಒಪ್ಪಿದರೆ ಹೋಗಬಹುದು ಎಂದು ಡಾಕ್ಟರು ಹೇಳಿದರು. ಮುಂದಕ್ಕೆ ಬಲಗಾಲು ಕಟ್ಟಿಸಬೇಕೆಂದು ಇಂಪನಾ ತೀರ್ಮಾನ ಮಾಡಿದ್ದಾಳೆ. ನನ್ನ ಮಗ ತಾನೇ ಸೋಲಾಂಗಿನವರಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದ. ನನಗೂ ಕೇಳಲಿ ಎಂದು ಸ್ಪೀಕರಿಗೆ ಹಾಕಿದ್ದ. ನನಗೆ ಹಿಂದಿ ಬರುವುದಿಲ್ಲ. ರಾಡು ಅನ್ನುವುದೊಂದು ತಿಳಿಯಿತು.

ಹಾಳೆಗೆ ಸೋಲಾಂಗ್ ಎಂದು ಬರೆದು, ನಿಮ್ಮ ಸಹಿಯ ಪಕ್ಕ ನನ್ನದನ್ನೂ ಹಾಕಿ ಅವರ ಕೈಗೆ ಕೊಟ್ಟು ಬಂದೆ. ನೀವು ಗೆದ್ದಿರಿ ಎಂದುಕೊಳ್ಳಬೇಡಿ. ಕುದುರೆ ವಿಷಯ ಒಂದು ಮಾತು ಮೊದಲೇ ನನ್ನ ಕಿವಿಗೆ ಹಾಕಿದ್ದರೆ ಇಷ್ಟು ರಂಪವೇ ಆಗುತ್ತಿರಲಿಲ್ಲ. ಆ ಸಿಟ್ಟು ನನಗೆ ಇನ್ನೂ ಇದೆ, ಇರುತ್ತದೆ.

ಒಂದು ಮಾತು ನಿಮಗೆ ಹೇಳಬೇಕು. ಹೇಳಲು ನನಗೆ ಬೇರೆ ಯಾರೂ ಇಲ್ಲ, ಮಕ್ಕಳನ್ನು ಬಿಟ್ಟರೆ ಗೊತ್ತಿರುವವರು ನೀವೊಬ್ಬರೇ. ಮದುವೆಯಾದಾಗಿನಿಂದ ನನ್ನ ಮಗ ನಮ್ಮ ಮನೆಯೊಳಗೂ ಹೆಜ್ಜೆ ಅಳೆದು ಅಳೆದು ನೆಟ್ಟಗೆ ನಡೆಯುತ್ತಿದ್ದ. ಚೆನ್ನಾಗಿ ಅಭ್ಯಾಸವಾಗಿದೆ ಎಂದು ನಾನು ಒಳಗೊಳಗೇ ಹೆಮ್ಮೆ ಪಡುತ್ತಿದ್ದೆ. ಆಣೆ ಇಳಿಸಿದ ಸಂಜೆ ಮೂವರೂ ಊಟಕ್ಕೆ ಕೂತಿದ್ದೆವು. ಇಂಪನಾ ಉಪ್ಪು ಎಂದಳು. ನಾನು ಏಳುವುದಕ್ಕೆ ಮೊದಲೇ ಅವನು ಎದ್ದ. ಅಡುಗೆಮನೆಗೆ ಹೋಗಿ ಉಪ್ಪು ತಂದು ಅವಳ ತಟ್ಟೆಯ ಪಕ್ಕ ಇಟ್ಟು ಕೂತ. ಹೋಗುವಾಗಲೂ ಬರುವಾಗಲೂ, ಹೆಂಡತಿಯ ಕಣ್ಣೆದುರಿಗೇ, ಕುಂಟಿದ.

ಭದ್ರಮ್ಮ